ಗಡಿಯಾರ ಮಾಮನ ಬಿಲ್ಲೆ

ಭಾನುವಾರ ಬೆಳಗ್ಗೆ ಎಂಟರಿಂದ ನಾಲ್ಕು ಗಂಟೆಯವರೆಗೆ ಬೆಟ್ಟ ನಮ್ಮದು. ನಾಲ್ಕರ ಮೇಲೆ ಫಿರಂಗಿಗಳದ್ದು. ಸೇನಾ ನೆಲೆಯ ಕ್ವಾರ್ಟರ್ಸಿನಲ್ಲಿ ಬೆಳೆದ ನಮಗೆಲ್ಲ ಶೂ ಲೇಸು ಕಟ್ಟಲು ಬರುವ ಮೊದಲೇ ಈ ವಿಷಯ ಗೊತ್ತಿತ್ತು.

ವಾರವಿಡೀ ಅಪ್ಪ ಲಾರಿಯಲ್ಲಿ ಸಾಮಾನು ಹೊತ್ತು ಮೇಲಿನ ಠಾಣೆಗಳಿಗೆ ಓಡಾಡುತ್ತಿದ್ದರು. ಅಮ್ಮ ಹೊಲಿಗೆ ಶೆಡ್ಡಿನಲ್ಲಿ ಹರಿದ ಡೇರೆಗಳಿಗೆ ತೇಪೆ ಹಾಕುತ್ತಿದ್ದಳು. ಭಾನುವಾರ ಬಂತೆಂದರೆ ಇಬ್ಬರಿಗೂ ಹುಚ್ಚು ಹಿಡಿಯುತ್ತಿತ್ತು. ಅಪ್ಪನ ಬೆನ್ನಿಗೆ ಸ್ಟೌ, ನನ್ನ ಬೆನ್ನಿಗೆ ಪಾತ್ರೆ, ತಂಗಿ ಪುಟ್ಟಿಯ ಬೆನ್ನಿಗೆ ಬರೀ ಗಾಳಿ ತುಂಬಿದ ಚೀಲ. ಅಮ್ಮ ಮಾತ್ರ ಕೈ ಬೀಸಿಕೊಂಡು ಮುಂದೆ. ಹದಿನಾಲ್ಕು ತಿರುವುಗಳ ಆ ದಾರಿಯನ್ನು ಅವಳು ಹತ್ತುವ ವೇಗ ನೋಡಿ ಇಡೀ ನೆಲೆ ಅವಳಿಗೆ ‘ಮೇಕೆ’ ಎಂದು ಹೆಸರಿಟ್ಟಿತ್ತು. ಅವಳಿಗೂ ಆ ಹೆಸರೆಂದರೆ ಖುಷಿ. ಹನ್ನೆರಡನೇ ತಿರುವಿನ ಒರತೆಯ ಹತ್ತಿರ ನಾವು ಏದುಸಿರು ಬಿಡುತ್ತಾ ತಲುಪುವಷ್ಟರಲ್ಲಿ ಅವಳು ಕಾಲು ನೀರಿಗೆ ಬಿಟ್ಟುಕೊಂಡು ಕೂತಿರುತ್ತಿದ್ದಳು.

“ಬಂದ್ರಾ? ನಾನು ಒಂದು ನಿದ್ದೆ ಮುಗಿಸಿ ಎದ್ದೆ.”

“ಹೌದೌದು, ಸ್ಟೌ ಹೊತ್ಕೊಂಡು ಬಾ, ಆಮೇಲೆ ನಿದ್ದೆ ಮಾಡೋಣ,” ಎನ್ನುತ್ತಿದ್ದರು ಅಪ್ಪ.

ಬೆಟ್ಟದ ಗೇಟಿನ ಪಕ್ಕ ಒಂದು ತಗಡಿನ ಶೆಡ್ಡು. ಒಳಗೆ ಹಸಿರು ಬಣ್ಣದ ಹಲಗೆ, ಅದರಲ್ಲಿ ಎರಡು ಸಾಲು ಮೊಳೆ. ಮೇಲಿನ ಸಾಲು ಬೆಟ್ಟ, ಕೆಳಗಿನ ಸಾಲು ಮನೆ. ಪಾಸ್ ಇರುವ ಪ್ರತಿಯೊಬ್ಬರಿಗೂ ನಂಬರ್ ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಹತ್ತುವಾಗ ಬಿಲ್ಲೆಯನ್ನು ಮೇಲಿನ ಮೊಳೆಗೆ ಹಾಕಬೇಕು, ಇಳಿದು ಬಂದಾಗ ಕೆಳಗಿನ ಮೊಳೆಗೆ. ಯಾರ ಬಿಲ್ಲೆಯೋ ಅವರದೇ ಕೈ. ಗಂಡ ಹೆಂಡತಿಯದನ್ನು ಮುಟ್ಟುವ ಹಾಗಿಲ್ಲ. ಮೂರು ವರ್ಷದ ಮಕ್ಕಳನ್ನೂ ಎತ್ತಿ ಹಿಡಿದು ಅವರ ಕೈಯಿಂದಲೇ ಹಾಕಿಸುತ್ತಿದ್ದರು. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಹಲಗೆ ನೋಡಿಕೊಳ್ಳುವವರು ಮೇಲಿನ ಸಾಲು ನೋಡುತ್ತಾರೆ. ಖಾಲಿ ಇದ್ದರೆ ಫೋನೆತ್ತಿ, ಗುಂಡು ಹಾರಿಸುವ ಮೈದಾನಕ್ಕೆ ‘ಬೆಟ್ಟ ಖಾಲಿ’ ಎಂದು ಎರಡೇ ಮಾತು ಹೇಳುತ್ತಾರೆ. ಒಂದೇ ಒಂದು ಬಿಲ್ಲೆ ಉಳಿದಿದ್ದರೂ ಸೈರನ್ ಒತ್ತಬೇಕು. ಫಿರಂಗಿಗಳು ನಿಲ್ಲುತ್ತವೆ, ಹುಡುಕುವವರು ಹೊರಡುತ್ತಾರೆ. ಏಳರಿಂದ ಒಂಬತ್ತನೇ ತಿರುವಿನವರೆಗಿನ ದಾರಿ ಗುಂಡುಗಳು ಬಂದು ಬೀಳುವ ಹಳ್ಳದ ಅಂಚಿನಲ್ಲೇ ಹೋಗುವುದರಿಂದ ಇಷ್ಟೆಲ್ಲ ಕಟ್ಟುನಿಟ್ಟು.

ಭಾನುವಾರದ ನಡಿಗೆಗೆಲ್ಲ ಮುಖಂಡರು ಉಗ್ರಾಣದ ಸೂಪರಿಂಟೆಂಡೆಂಟರು. ನಮ್ಮ ಬಾಯಲ್ಲಿ ಗಡಿಯಾರ ಮಾಮ. ಎರಡೂ ಕೈಗೆ ಒಂದೊಂದು ವಾಚ್ ಕಟ್ಟುತ್ತಿದ್ದರು. ಒಂದು ಟೈಮ್ ನೋಡಲು, ಇನ್ನೊಂದು ಮೊದಲನೆಯದರ ಮೇಲೆ ಕಣ್ಣಿಡಲು. ಹಲಗೆಯ ಮೂಲೆಯಲ್ಲಿ ಸೀಮೆಸುಣ್ಣದಲ್ಲಿ ಒಂದು ಸಂಖ್ಯೆ ಬರೆದಿಡುತ್ತಿದ್ದರು. ಸೈರನ್ ಕೂಗದೆ ಎಷ್ಟು ಭಾನುವಾರ ಕಳೆಯಿತು ಎಂಬ ಲೆಕ್ಕ. ಅದನ್ನು ಬಂದವರಿಗೆಲ್ಲ ತೋರಿಸುವುದೆಂದರೆ ಅವರಿಗೆ ಮೊಮ್ಮಗುವನ್ನು ತೋರಿಸಿದಷ್ಟೇ ಹೆಮ್ಮೆ.

ಹೋದ ವರ್ಷ ಆ ಸಂಖ್ಯೆ ನೂರಾ ಹನ್ನೆರಡು ಆಗಬೇಕಿದ್ದ ಭಾನುವಾರ ನಾನು ಜ್ವರ ಬಂದು ಮನೆಯಲ್ಲಿದ್ದೆ. ಅಪ್ಪ ಡ್ಯೂಟಿಯಲ್ಲಿದ್ದರು. ನಮ್ಮ ಮನೆಯಿಂದ ಅಮ್ಮ ಒಬ್ಬಳೇ ಹೋಗಿದ್ದಳು. ಇಳಿಯುವಾಗ ಒಂಬತ್ತನೇ ತಿರುವಿನಲ್ಲಿ ಅವಳ ಮೊಣಕಾಲು ತಿರುಚಿತು. ಜೊತೆಗಿದ್ದ ಹೆಂಗಸರಿಗೆ, “ನೀವು ನಡೀರಿ, ನಾನು ಹಿಂದೇನೇ ಬರ್ತೀನಿ,” ಎಂದಳು. ಅವರು ಕೆಳಗೆ ಬಂದು, ಅವತ್ತು ಹಲಗೆ ನೋಡಿಕೊಳ್ಳುತ್ತಿದ್ದ ಗಡಿಯಾರ ಮಾಮನಿಗೆ, “ಮೇಕೆ ಹಿಂದೇನೇ ಇದಾಳೆ,” ಎಂದರು. ಟೈಮ್ ಮೂರು ಐವತ್ತೇಳು.

ಬೆಟ್ಟದ ಸಾಲಿನಲ್ಲಿ ಉಳಿದಿದ್ದದ್ದು ಇಪ್ಪತ್ತೇಳನೇ ನಂಬರ್ ಒಂದೇ. ಅಮ್ಮನದು. ನಾಲ್ಕು ಗಂಟೆಗೆ ಫಿರಂಗಿಗಳು ಶುರುವಾದವು.

ಒಂದು ಗಂಟೆ ನಲವತ್ತು ನಿಮಿಷ ಅಮ್ಮ ಎಂಟನೇ ತಿರುವಿನ ಬೂದು ಬಂಡೆಯ ಹಿಂದೆ ಹೊಟ್ಟೆಯ ಮೇಲೆ ಮಲಗಿದ್ದಳು. ಹಳ್ಳಕ್ಕೆ ಬೀಳಬೇಕಾದ ಒಂದು ಶೆಲ್ಲು ಸ್ವಲ್ಪ ಈಚೆ ಬಿತ್ತು. ಅವಳ ಎಡಗಿವಿ ಅವತ್ತೇ ಹೋಯಿತು, ಇವತ್ತಿಗೂ ಬಂದಿಲ್ಲ. ಮೈದಾನದವರು ವಿರಾಮಕ್ಕೆ ನಿಲ್ಲಿಸಿದಾಗ ಅವಳು ಅಂಬೆಗಾಲಿಕ್ಕುತ್ತಾ ಕೆಳಗೆ ಬಂದಳು.

ವಿಚಾರಣೆ ನಡೆಯಿತು. ಗಡಿಯಾರ ಮಾಮ ನೆಟ್ಟಗೆ ನಿಂತು ಹೇಳಿದರಂತೆ: “ಅವರು ಬಂದ್ರು, ಅವರ ಬಿಲ್ಲೆ ಅವರೇ ಇಳಿಸಿದ್ರು. ನೀರಿನ ಬಾಟ್ಲಿ ಮರೆತೆ ಅಂತ ಮತ್ತೆ ಮೇಲೆ ಹೋಗಿರ್ಬೇಕು. ಹಲಗೆ ಖಾಲಿ ಇದ್ರೆ ಬೆಟ್ಟ ಖಾಲಿ ಅಂತಲೇ ಅರ್ಥ ಸರ್.” ಆ ಹೆಂಗಸರು ಅಷ್ಟರಲ್ಲಿ ಮನೆಗೆ ಹೋಗಿದ್ದರು, ಮೊಳೆಗೆ ಬಿಲ್ಲೆ ಹಾಕಿದ್ದನ್ನು ಬೇರೆ ಯಾರೂ ನೋಡಿರಲಿಲ್ಲ. ಹಲಗೆಯ ಮಾತೇ ಕೊನೆಯ ಮಾತು. ನಿಯಮ ಮುರಿದಳೆಂದು ಅಮ್ಮನ ಬೆಟ್ಟದ ಪಾಸನ್ನು ಶಾಶ್ವತವಾಗಿ ರದ್ದು ಮಾಡಿದರು.

ಅಪ್ಪ ಎರಡು ದಿನ ಹಲ್ಲು ಕಡಿದುಕೊಂಡು ಓಡಾಡಿದರು. ಮೂರನೇ ದಿನ, “ಬಿಟ್ಬಿಡು. ಅವರು ಕೊಟ್ಟ ಮನೇಲಿ ಇರೋರು ನಾವು,” ಎಂದರು.

ಅಮ್ಮ ಭಾನುವಾರ ಬೆಳಗ್ಗೆ ಅಡುಗೆಮನೆಯ ಕಿಟಕಿಗೆ ಬೆನ್ನು ಮಾಡಿ ಕೂತು ಡೇರೆ ಬಟ್ಟೆ ಹೊಲಿಯತೊಡಗಿದಳು. ಆ ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು. ಆ ಬೆನ್ನು ನೋಡಿದಾಗಲೇ ನಾನು ತೀರ್ಮಾನ ಮಾಡಿದ್ದು, ಬಿಡುವುದಿಲ್ಲ ಎಂದು. ಸುಳ್ಳು ಹೇಳಿದ ಬಾಯಿಂದಲೇ ಸತ್ಯ ಹೊರಗೆ ಬರಬೇಕು. ಅದೂ ಜನರ ಮುಂದೆ. ಅಮ್ಮ ಮತ್ತೆ ಬೆಟ್ಟ ಹತ್ತಬೇಕು. ನನಗಾಗ ಹತ್ತೊಂಬತ್ತು. ಜಗಳವಾಡಿದರೆ ‘ಹುಡುಗಿ, ಬಾಯಿ ಜೋರು’ ಎಂದು ತಳ್ಳಿಹಾಕುತ್ತಾರೆ ಎಂಬಷ್ಟು ಬುದ್ಧಿ ಇತ್ತು. ಹಾಗಾಗಿ ಹಲ್ಲು ಕಿಸಿದುಕೊಂಡು ನೇರ ಗಡಿಯಾರ ಮಾಮನ ಹತ್ತಿರ ಹೋದೆ.

“ಮಾಮ, ಭಾನುವಾರ ಹಲಗೆ ನಾನು ನೋಡ್ಕೊಳ್ಲಾ?”

“ನೀನಾ? ಎಲ್ಲರೂ ಬೆಟ್ಟ ಹತ್ತಿ ಮಜಾ ಮಾಡುವಾಗ ಇಲ್ಲಿ ಕೂತು ನೊಣ ಹೊಡೀತೀಯಾ?”

“ಅಮ್ಮನೇ ಹತ್ತಲ್ಲ, ಇನ್ನು ನನಗೇನು ಮಜಾ?”

ಅವರ ಮುಖ ಒಂದು ಕ್ಷಣ ಸಪ್ಪಗಾಯಿತು. ಆಮೇಲೆ ನನ್ನ ತಲೆ ಸವರಿ, “ಪಾಪ. ಆಯ್ತು ಮರಿ, ನೋಡ್ಕೋ. ನಮ್ಮ ಮೇಲೆ ಸಿಟ್ಟಿಲ್ಲ ತಾನೆ?” ಎಂದರು.

“ಛೇ, ನಿಮ್ಮ ಮೇಲೆ ಯಾಕೆ ಮಾಮ?” ಎಂದೆ.

ಆ ತಲೆ ಸವರಿದ್ದನ್ನು ನಾನು ಇನ್ನೂ ಮರೆತಿಲ್ಲ.

ಒಂದು ವರ್ಷ ಕೂತೆ. ಚಳಿಯಲ್ಲಿ ಮೂಗು ಸೋರಿಸಿಕೊಂಡು, ಬಿಸಿಲಲ್ಲಿ ತಗಡಿನ ಕೆಳಗೆ ಬೇಯುತ್ತಾ. ಪ್ರತಿ ಭಾನುವಾರ ಎಲ್ಲರೂ ನಗುನಗುತ್ತಾ ಇಳಿದು ಬರುವುದನ್ನು ನೋಡಿದೆ, ಗಡಿಯಾರ ಮಾಮ ಸಂಖ್ಯೆಯನ್ನು ಒರೆಸಿ ಒಂದು ಹೆಚ್ಚು ಬರೆಯುವುದನ್ನೂ ನೋಡಿದೆ. ಅಮ್ಮ ಬಂಡೆಯ ಹಿಂದೆ ಮಲಗಿದ್ದ ಭಾನುವಾರವೂ ಆ ಲೆಕ್ಕದಲ್ಲಿ ಸೇರಿತ್ತು. ಎಂದಾದರೊಮ್ಮೆ ಅವರು ತಡ ಮಾಡುತ್ತಾರೆ ಎಂಬುದೊಂದೇ ನನ್ನ ಆಸೆ. ಐವತ್ತು ವಾರ ಅವರು ತಡ ಮಾಡಲಿಲ್ಲ.

ಐವತ್ತೊಂದನೇ ವಾರ ಅವರ ಬೀಗರು ಬಂದರು. ಮಗಳನ್ನು ಹೊಸದಾಗಿ ಕೊಟ್ಟ ಮನೆ. ದಪ್ಪ ಮೀಸೆಯ ಬೀಗರು, ಅವರ ಹೆಂಡತಿ, ಅಳಿಯ, ಎಲ್ಲರಿಗೂ ಗಡಿಯಾರ ಮಾಮ ಹಲಗೆ ತೋರಿಸಿ ಅರ್ಧ ಗಂಟೆ ಭಾಷಣ ಬಿಗಿದರು. “ಇಷ್ಟು ವರ್ಷದಲ್ಲಿ ಒಂದೇ ಒಂದ್ಸಲನೂ ಸೈರನ್ ಆಗಿಲ್ಲ. ಶಿಸ್ತು ಅಂದ್ರೆ ಶಿಸ್ತು!” ಬೀಗರು ಗಂಭೀರವಾಗಿ ತಲೆಯಾಡಿಸಿದರು.

ಮೂರೂವರೆಗೆಲ್ಲ ಜನ ಇಳಿಯತೊಡಗಿದರು. ಬೀಗರ ಕಡೆಯವರು, ಮಾಮನ ಹೆಂಡತಿ, ನಮ್ಮ ಪುಟ್ಟಿ, ಎಲ್ಲರೂ ತಮ್ಮ ತಮ್ಮ ಬಿಲ್ಲೆ ಇಳಿಸಿ ಶೆಡ್ಡಿನ ಮುಂದೆ ಕೂತು ಕಾಲು ನೀವಿಕೊಳ್ಳುತ್ತಿದ್ದರು. ಮೂವತ್ತು ಜನರಾದರೂ ಇದ್ದರು. ಮೂರು ಐವತ್ತಕ್ಕೆ ಮೇಲಿನ ಸಾಲಿನಲ್ಲಿ ಒಂದೇ ಬಿಲ್ಲೆ. ಒಂದನೇ ನಂಬರ್.

“ಮಾಮ ಎಲ್ಲಿ ಅತ್ತೆ?” ಎಂದೆ.

ಅವರ ಹೆಂಡತಿ ಮೆಲ್ಲಗೆ, “ಏನೋ ಮರೆತು ಬಂದ್ರು ಅಂತ ಮತ್ತೆ ಒರತೆ ಹತ್ರ ಹೋದ್ರು ಕಣೇ. ನಮ್ಮನ್ನ ಮುಂದೆ ಕಳಿಸಿದ್ರು,” ಎಂದರು. ಬೀಗರು ಯಾಕೋ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಕೂತಿದ್ದರು.

ಮೂರು ಐವತ್ತೈದಕ್ಕೆ ವಾಕಿಟಾಕಿ ಕರಕರ ಎಂದಿತು. ಶೆಡ್ಡಿನ ಮಾಡಿನ ಮೇಲೆ ಒಂದು ದೊಡ್ಡ ಸ್ಪೀಕರ್ ಇದೆ, ಯಾರನ್ನಾದರೂ ಕೂಗಿ ಕರೆಯಲು. ವಾಕಿಟಾಕಿಯ ಮಾತನ್ನು ಅದಕ್ಕೆ ಹರಿಸುವ ಗುಂಡಿಯೂ ಇದೆ. ಅದನ್ನು ಒತ್ತಿದೆ.

“ಮರೀ, ಕೇಳಿಸ್ತಿದ್ಯಾ?”

“ಹೇಳಿ ಮಾಮ.”

“ಪಕ್ಕದಲ್ಲಿ ಯಾರಾದ್ರೂ ಇದಾರಾ?”

ಮೂವತ್ತು ಮುಖಗಳು ನನ್ನತ್ತ ತಿರುಗಿದವು.

“ಯಾರೂ ಇಲ್ಲ ಮಾಮ.”

“ನೋಡು, ನಾನಿನ್ನೂ ಒಂಬತ್ತನೇ ತಿರುವಲ್ಲಿದೀನಿ. ನಮ್ಮ ಬೀಗರು ಊಟ ಆದ್ಮೇಲೆ ಹಲ್ಲಿನ ಸೆಟ್ ತೊಳೆದು ಕಲ್ಲಿನ ಮೇಲಿಟ್ಟು ಮರ್ತುಬಿಟ್ಟಿದ್ರು. ಪುಣ್ಯಾತ್ಮ, ಹಲ್ಲು ಮರೆಯೋರನ್ನ ಎಲ್ಲಾದ್ರೂ ನೋಡಿದೀಯಾ?”

ಯಾರೋ ಕಿಸಕ್ಕೆಂದು ನಕ್ಕರು. ಬೀಗರ ಕರವಸ್ತ್ರ ಇನ್ನಷ್ಟು ಮೇಲೇರಿತು.

“ಹತ್ತು ನಿಮಿಷ ಮರಿ, ಓಡ್ಕೊಂಡು ಬರ್ತೀನಿ. ನನ್ನ ಬಿಲ್ಲೆ ಸ್ವಲ್ಪ ಕೆಳಗೆ ಹಾಕ್ಬಿಡು. ಫೋನ್ ಮಾತ್ರ ಸ್ವಲ್ಪ ತಡವಾಗಿ ಮಾಡು. ಸೈರನ್ ಬೇಡ, ದಮ್ಮಯ್ಯ. ಬೀಗರ ಮುಂದೆ ಮರ್ಯಾದೆ ಪ್ರಶ್ನೆ.”

ನಾನು ಎದ್ದು ಹಲಗೆಯ ಹತ್ತಿರ ಹೋದೆ. ಎಲ್ಲರೂ ನೋಡುತ್ತಿದ್ದ ಹಾಗೆಯೇ ಒಂದನೇ ನಂಬರ್ ಬಿಲ್ಲೆ ತೆಗೆದು ಕೆಳಗಿನ ಮೊಳೆಗೆ ಹಾಕಿದೆ.

“ಹಾಕಿದೆ ಮಾಮ.”

“ಬಂಗಾರದಂಥ ಹುಡುಗಿ!”

ಬಲಗೈಯಲ್ಲಿ ಫೋನೆತ್ತಿದೆ. ಮೈದಾನದ ಸಿಪಾಯಿ, “ಹೇಳಿ,” ಎಂದ. “ಒಂದು ನಿಮಿಷ, ಲೈನಲ್ಲಿರಿ,” ಎಂದು ರಿಸೀವರನ್ನು ಹೆಗಲಿಗೆ ಒತ್ತಿಕೊಂಡು ಎಡಗೈಯ ವಾಕಿಟಾಕಿಗೆ ಹೇಳಿದೆ: “ಮಾಮ, ಮೈದಾನದೋರು ಲೈನಲ್ಲಿದಾರೆ. ಬೆಟ್ಟ ಖಾಲಿ ಅಂತ ಹೇಳ್ಬಿಡ್ಲಾ?”

“ಏಯ್, ಬೇಡ ಬೇಡ! ನಾನಿನ್ನೂ ಮೇಲಿದೀನಿ ಅಂದ್ನಲ್ಲ!”

“ಹಲಗೆ ಖಾಲಿ ಇದೆಯಲ್ಲ ಮಾಮ. ಹಲಗೆ ಖಾಲಿ ಇದ್ರೆ ಬೆಟ್ಟ ಖಾಲಿ. ವಿಚಾರಣೇಲಿ ನೀವೇ ಹೇಳಿದ್ದು.”

“ತಮಾಷೆ ಮಾಡ್ಬೇಡಮ್ಮ,” ಎಂಬ ಸಣ್ಣ ಧ್ವನಿ.

“ಇಪ್ಪತ್ತೇಳನೇ ನಂಬರ್ ಇಳಿಸಿದ್ದು ಯಾರು ಮಾಮ?”

“ಅದೆಲ್ಲ ಈಗ ಯಾಕೆ? ಕೆಳಗೆ ಬಂದು ಮಾತಾಡ್ತೀನಿ.”

“ಕೆಳಗೆ ಬರೋಕೆ ಏಳನೇ ತಿರುವು ದಾಟ್ಬೇಕಲ್ಲ. ಎಂಟನೇದ್ರಲ್ಲಿ ಒಂದು ಬೂದು ಬಂಡೆ ಇದೆ ನೋಡಿ. ಅದರ ಹಿಂದೆ ಹೊಟ್ಟೆ ಮೇಲೆ ಮಲಗ್ಕೊಳ್ಳಿ. ತಲೆ ಎತ್ಬೇಡಿ. ಎರಡೂ ಕಿವಿ ಗಟ್ಟಿಯಾಗಿ ಮುಚ್ಕೊಳ್ಳಿ, ನಮ್ಮಮ್ಮಂಗೆ ಅದು ಹೊಳೀಲಿಲ್ಲ.”

ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಮಾಮನ ಹೆಂಡತಿ, “ಅಯ್ಯೋ, ಯಾರಾದ್ರೂ ಆ ಫೋನ್ ಕಿತ್ಕೊಳ್ರೋ!” ಎಂದು ಕಿರುಚಿದರು. ಯಾರೂ ಅಲುಗಾಡಲಿಲ್ಲ. ಅವರೆಲ್ಲರಿಗೂ ಉತ್ತರ ಬೇಕಿತ್ತು ಎಂದು ನನಗೆ ಆಮೇಲೆ ಅನ್ನಿಸಿತು.

“ನಾನೇ!” ಸ್ಪೀಕರಿನಲ್ಲಿ ಆ ಸದ್ದು ಗೇಟಿನಾಚೆಗೂ ಹೋಯಿತು. “ನಾನೇ ಕಣೇ ಇಳಿಸಿದ್ದು! ಹಿಂದೇನೇ ಬರ್ತಿದಾರೆ ಅಂದ್ರು, ಐದು ನಿಮಿಷ ಅಂದ್ಕೊಂಡೆ. ಏಳನೇ ತಿರುವು ದಾಟಿರ್ತಾರೆ ಅಂದ್ಕೊಂಡೆ.”

“ಆಮೇಲೆ?”

“ಆಮೇಲೇನು, ಹೆದರಿಬಿಟ್ಟೆ. ಸುಳ್ಳು ಹೇಳ್ದೆ. ಅವರು ಕೆಳಗೆ ಬಂದೇ ಇರ್ಲಿಲ್ಲ. ನೀರಿನ ಬಾಟ್ಲಿನೂ ಇಲ್ಲ, ಏನೂ ಇಲ್ಲ. ಸೈರನ್ ಒತ್ತಮ್ಮ, ನಿನ್ ಕಾಲಿಗೆ ಬೀಳ್ತೀನಿ.”

ಬೇಕಾಗಿದ್ದೆಲ್ಲ ಸಿಕ್ಕಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು, “ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ,” ಎಂದೆ.

ಅವರು ಅಳತೊಡಗಿದರು. ಅರವತ್ತರ ಹತ್ತಿರದ ಗಂಡಸು ಬಿಕ್ಕಿ ಬಿಕ್ಕಿ ಅಳುವುದು ಮೂವತ್ತು ಜನರ ತಲೆಯ ಮೇಲೆ ಸ್ಪೀಕರಿನಲ್ಲಿ ಮೊಳಗುತ್ತಿತ್ತು. ನನಗೆ ತಣ್ಣೀರು ಕುಡಿದ ಹಾಗಾಯಿತು, ಸುಳ್ಳು ಯಾಕೆ ಹೇಳಲಿ. ಹೆಗಲಿನ ರಿಸೀವರಿನಿಂದ ಸಿಪಾಯಿ, “ಟೈಮ್ ಆಯ್ತು ಮೇಡಂ. ಬೆಟ್ಟ ಖಾಲಿನಾ?” ಎಂದು ಕೇಳಿದ. ನಾನು ಬಾಯಿ ತೆರೆದೆ.

ಹಿಂದಿನಿಂದ ಒಂದು ಕೈ ಬಂದು ರಿಸೀವರ್ ಕಿತ್ತುಕೊಂಡಿತು.

“ಬೆಟ್ಟದಲ್ಲಿ ಒಬ್ಬರಿದಾರೆ. ಗುಂಡು ಬೇಡ,” ಎಂದಳು ಅಮ್ಮ, ಬಲಗಿವಿಗೆ ಫೋನ್ ಒತ್ತಿಕೊಂಡು. ಇನ್ನೊಂದು ಕೈಯಿಂದ ಸೈರನ್ ಒತ್ತಿದಳು. ಪುಟ್ಟಿಯನ್ನು ಕರೆದೊಯ್ಯಲು ಬಂದು ಗೇಟಿನ ಹೊರಗೆ ನಿಂತಿದ್ದವಳು ಕುಂಟು ಕಾಲಲ್ಲಿ ಓಡಿ ಬಂದಿದ್ದಳು. ಬೆವರಿಗೆ ಕೂದಲು ಹಣೆಗೆ ಅಂಟಿಕೊಂಡಿತ್ತು. ಸೈರನ್ ಕೂಗುತ್ತಲೇ ಇತ್ತು.

“ಎಷ್ಟು ಹೊತ್ತಿಂದ ಹಿಡ್ಕೊಂಡಿದ್ದೆ ಈ ಫೋನ್?”

“ಒಂದೆರಡು ನಿಮಿಷ ಅಷ್ಟೇ.”

“ಅಲ್ಲಿ ಒಂದು ನಿಮಿಷ ಎಷ್ಟು ಉದ್ದ ಇರುತ್ತೆ, ನಿಂಗೊತ್ತೇನೇ?” ಎಂದಳು. ನನ್ನನ್ನು ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ನನ್ನ ಕೈಯಿಂದ ವಾಕಿಟಾಕಿ ತೆಗೆದುಕೊಂಡು, “ಅಣ್ಣಾ, ಸೈರನ್ ಆಯ್ತು. ಈಗ ಗುಂಡು ಬರಲ್ಲ, ನಿಧಾನಕ್ಕೆ ಇಳೀರಿ. ಎಂಟನೇ ತಿರುವಲ್ಲಿ ಕಲ್ಲು ಸಡಿಲ ಇದೆ, ಬಲಗಡೆಯಿಂದ ಬನ್ನಿ,” ಎಂದಳು.

ನನಗೆ ಮೈಯೆಲ್ಲ ಉರಿಯಿತು. ಅವರಿಗೆ ದಾರಿ ಬೇರೆ ಹೇಳಿಕೊಡಬೇಕಿತ್ತೇ?

ಹುಡುಕುವವರು ಹೋಗಿ ಅವರನ್ನು ಕರೆತಂದರು. ಎರಡು ವಾಚು, ಮಣ್ಣಾದ ಮಂಡಿ, ಕೈಯಲ್ಲಿ ಕರವಸ್ತ್ರದ ಗಂಟು. ನೇರ ಬೀಗರ ಹತ್ತಿರ ಹೋಗಿ ಗಂಟು ಕೊಟ್ಟರು. ಬೀಗರು ಆಚೆ ತಿರುಗಿ ಹಲ್ಲು ಹಾಕಿಕೊಂಡರು. ಹಾಕಿಕೊಂಡ ಮೇಲೂ ಒಂದು ಮಾತಾಡಲಿಲ್ಲ. ಹೆಂಡತಿಗೆ ಕಣ್ಣಲ್ಲೇ ಸನ್ನೆ ಮಾಡಿ ಜೀಪಿನ ಕಡೆ ನಡೆದರು. ಅಳಿಯನೂ ಹಿಂದೆಯೇ ಹೋದ. ಗಡಿಯಾರ ಮಾಮ ಹಲಗೆಯ ಮೂಲೆಯ ಸಂಖ್ಯೆಯನ್ನು ಅಂಗೈಯಿಂದ ಒರೆಸಿದರು. ಒರೆಸುವಾಗ ನಾನು ಪಕ್ಕದಲ್ಲೇ ಹೋಗಿ ನಿಂತು ನೋಡಿದೆ, ಪೂರ್ತಿ ಅಳಿಸುವವರೆಗೂ.

ಮತ್ತೆ ವಿಚಾರಣೆ. ಈ ಸಲ ಸಾಕ್ಷಿಗೆ ಮೂವತ್ತು ಜನ. ಅಮ್ಮನ ಪಾಸ್ ವಾಪಸ್ ಬಂತು, ಜೊತೆಗೆ ಕ್ಷಮೆ ಕೇಳಿದ ಕಾಗದ. ಅದನ್ನು ಅಪ್ಪ ಮೂರು ಸಲ ಗಟ್ಟಿಯಾಗಿ ಓದಿದರು, ಪಕ್ಕದ ಮನೆಯವರಿಗೂ ಕೇಳುವ ಹಾಗೆ. ಗಡಿಯಾರ ಮಾಮನ ಪಾಸ್ ಎರಡು ವರ್ಷಕ್ಕೆ ರದ್ದಾಯಿತು, ಮುಖಂಡತನ ಪೂರ್ತಿ ಹೋಯಿತು.

ಆಮೇಲೆ ನೆಲೆಯ ಮುಖ್ಯಸ್ಥರು ನನ್ನ ಕಡೆ ತಿರುಗಿದರು. “ಇನ್ನೊಬ್ಬರ ಬಿಲ್ಲೆ ಮುಟ್ಟಿದ್ದೀಯ. ಅವರು ಮಾಡಿದ್ದೂ ಅದೇ, ನೀನು ಮಾಡಿದ್ದೂ ಅದೇ.”

“ಅದೇ ಅಲ್ಲ ಸರ್. ಮಾಮ ತಾವೇ ಹಾಕು ಅಂದ್ರು, ನಾನು ಹಾಕ್ದೆ. ನಮ್ಮಮ್ಮ ಯಾರಿಗೂ ಹಾಕು ಅಂದಿರ್ಲಿಲ್ಲ.”

ಅವರು ಪೆನ್ನು ಮುಚ್ಚಿದರು. ಆಮೇಲೆ ಮತ್ತೆ ಪೆನ್ನು ತೆರೆದು, ನನ್ನ ಪಾಸನ್ನೂ ಎರಡು ವರ್ಷಕ್ಕೆ ರದ್ದು ಮಾಡಿದರು.

ಅಲ್ಲೇ, ಮಾಮನನ್ನು ಹೊರಗೆ ಕಳಿಸಿದ ಮೇಲೆ, ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರು: ನಿಮ್ಮ ತಾಯಿ ಬರದೇ ಹೋಗಿದ್ದರೆ ಸಿಪಾಯಿಗೆ ಏನು ಹೇಳುತ್ತಿದ್ದೆ? ‘ಮೇಲೆ ಒಬ್ಬರಿದಾರೆ’ ಎನ್ನುತ್ತಿದ್ದೆ ಸರ್, ಎಂದೆ. ಅದು ನಿಜ. ಬಾಯಿ ತೆರೆದದ್ದೇ ಅದಕ್ಕೆ, ಮಾತು ನಾಲಿಗೆಯ ತುದಿಯಲ್ಲಿತ್ತು. ಅಮ್ಮನ ಕೈ ಅರ್ಧ ಕ್ಷಣ ಮೊದಲು ಬಂತು, ಅಷ್ಟೆ. ಅಮ್ಮನಿಗೂ ಹೇಳಿದ್ದೇನೆ. ಅವಳು ನಂಬಿದಳು. ನಂಬುವುದಕ್ಕೆ ಒಂದು ರಾತ್ರಿ ತೆಗೆದುಕೊಂಡಳು.

ಈಗ ಭಾನುವಾರ ಬೆಳಗ್ಗೆ ಎಂಟಕ್ಕೆ ಅಮ್ಮ, ಅಪ್ಪ, ಪುಟ್ಟಿ ಗೇಟು ದಾಟುತ್ತಾರೆ. ಅಮ್ಮ ಮೊದಲಿನಷ್ಟು ಜೋರಿಲ್ಲ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡಿರುತ್ತಾಳೆ. ಆದರೂ ಎರಡನೇ ತಿರುವು ಬರುವಷ್ಟರಲ್ಲಿ ಸ್ಟೌ ಹೊತ್ತ ಅಪ್ಪನನ್ನು ಹಿಂದೆ ಹಾಕಿರುತ್ತಾಳೆ. ಗೇಟಿನ ಹೊರಗೆ ಒಂದು ಸಿಮೆಂಟು ಬೆಂಚಿದೆ. ಅಲ್ಲಿಂದ ಹದಿನಾಲ್ಕೂ ತಿರುವುಗಳು ಕಾಣುತ್ತವೆ. ಬೇರೆ ಬೆಂಚಿಲ್ಲ. ಹಾಗಾಗಿ ನಾನೂ ಗಡಿಯಾರ ಮಾಮನೂ ಅದರಲ್ಲೇ ಕೂರುತ್ತೇವೆ, ಅವರು ಆ ತುದಿ, ನಾನು ಈ ತುದಿ. ಅವರ ಹೆಂಡತಿಯೂ ಹತ್ತಲು ಹೋಗುತ್ತಾರೆ.

ಮೊದಲ ಎರಡು ವಾರ ಮಾತಿಲ್ಲ. ಮೂರನೇ ವಾರ ಅವರು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಒಂದು ಲೋಟ ನನ್ನ ಕಡೆ ತಳ್ಳಿದರು. ನಾನು ಮುಟ್ಟಲಿಲ್ಲ. ಆರಿಹೋಯಿತು.

“ಒಂದೇ ಒಂದು ವಿಷಯ ಹೇಳ್ಬಿಡು ಮರಿ,” ಎಂದರು. ಧ್ವನಿ ತಗ್ಗಿತ್ತು. “ಅವತ್ತು ನಿಮ್ಮಮ್ಮ ಬರ್ದೇ ಹೋಗಿದ್ರೆ, ಫೋನಲ್ಲಿ ನೀನು ಏನ್ ಹೇಳ್ತಿದ್ದೆ? ನಂಗೆ ನಿದ್ದೆ ಬರ್ತಿಲ್ಲ.”

ನಾನು ಬೆಟ್ಟ ನೋಡಿದೆ. ಅಮ್ಮ ಎಂಟನೇ ತಿರುವಿನಲ್ಲಿದ್ದಳು, ನಿಲ್ಲದೆ ಹತ್ತುತ್ತಿದ್ದಳು.

“ಮುಂದಿನ ವಾರನೂ ಬರ್ತೀರಲ್ಲ ಮಾಮ,” ಎಂದೆ.

“ಬರ್ತೀನಿ.”

“ಬನ್ನಿ. ಆಗ್ಲೂ ಕೇಳಿ.”

ಮುಂದಿನ ವಾರ ಕೇಳಿದರು. ಅದರ ಮುಂದಿನ ವಾರವೂ. ಇನ್ನೂ ತೊಂಬತ್ತೊಂಬತ್ತು ಭಾನುವಾರ ಇದೆ. ಉತ್ತರ ನನ್ನ ಹತ್ತಿರ ಭದ್ರವಾಗಿದೆ, ಎರಡೇ ಮಾತಿನದು, ಹೇಳಿದರೆ ಅವರು ಅವತ್ತೇ ನೆಮ್ಮದಿಯಾಗಿ ಮಲಗುತ್ತಾರೆ. ಅದಕ್ಕೇ ಹೇಳುತ್ತಿಲ್ಲ.